ಅಂಗಳದ ಗಿಡಕ್ಕೆ ಊರಲ್ಲಿ ಎಂತ ಹೇಳ್ತಾರೆ? ಹುಡ್ಕೂದು ಹೆಂಗೆ ಅಂದ್ರೆ

ಫೋನ್ ತೆಗ್ದು ಒಂದ್ ಫೋಟೋ ಹೊಡ್ದ್ರೆ ಈಗ ಗಿಡದ ಹೆಸ್ರು ಬರ್ತದೆ, ಅದ್ರಲ್ಲಿ ದೊಡ್ಡ ವಿಷ್ಯ ಎಂತ ಇಲ್ಲ, ಆದ್ರೆ ಹಂಗೆ ಬರೂದು ಗಿಡದ ಆಧಾರ್ ಕಾರ್ಡಿನ ಹೆಸ್ರು ಮಾರಾಯ್ರೆ, ಮನೇಲಿ ಕರಿಯೂ ಹೆಸ್ರಲ್ಲ. ಲ್ಯಾಟಿನ್ನಲ್ಲಿ ಇರ್ತದೆ, ನಾಲಿಗೆ ತಿರುಗೂದಿಲ್ಲ, ಮರುದಿನಕ್ಕೆ ಮರ್ತೂ ಹೋಗ್ತದೆ. ಇಲ್ಲಿ ಹೇಳೂಕೆ ಹೊರಟಿದ್ದು ಇನ್ನೊಂದು ಹೆಸ್ರು ಹುಡ್ಕೂ ದಾರಿ, ಅಂದ್ರೆ ನಿಮ್ಮ ಊರಲ್ಲಿ ಆಯಿಯೋ ಅಮ್ಮಮ್ಮನೋ ಪಕ್ಕದ ಮನೆ ಬಾಯಿಯೋ ಆ ಗಿಡಕ್ಕೆ ಹೇಳ್ಕಂಡು ಬಂದ ಚಂದದ ಹೆಸ್ರು.

ಹಾಗಂತ ಲ್ಯಾಟಿನ್ ಹೆಸ್ರು ಬಿಟ್ಟು ಸೀದಾ ಊರ ಹೆಸ್ರಿಗೆ ಹಾರ್ಬೇಡಿ. ಯಾಕಂದ್ರೆ ನಮ್ಮಲ್ಲಿ ಒಂದೇ ಹೆಸ್ರಿಗೆ ಎರಡು ಮೂರು ಗಿಡ ಇರ್ತವೆ. "ಗೌರಿ ಹೂ" ತಗೊಳ್ಳಿ. ಕೆಲವು ಮನೇಲಿ ಅದು ಬೇಲಿ ಹತ್ತೂ ಬಳ್ಳಿ, ಕೆಂಪು ಹಳದಿ ದಳ ಎಲ್ಲ ಮೇಲ್ಮುಖ ಮಾಡ್ಕಂಡು ಸುರುಟಿಕೊಂಡಿರ್ತದೆ, ಎಲೆ ತುದಿನೇ ಉದ್ದ ಆಗಿ ಕೊಕ್ಕೆ ಹಾಕ್ತದೆ, ಪುಸ್ತಕದಲ್ಲಿ ಅಗ್ನಿಶಿಖೆ, ಲ್ಯಾಟಿನ್ನಲ್ಲಿ ಗ್ಲೋರಿಯೋಸಾ ಸುಪರ್ಬಾ. ಇನ್ನು ಕೆಲವ್ರಿಗೆ ಗೌರಿ ಹೂ ಅಂದ್ರೆ ಅಂಗಳದ ತುಂಬ ತಾನೇ ಹುಟ್ಟೂ ಕರ್ಣಕುಂಡಲ, ಅಂದ್ರೆ ಬಾಲ್ಸಂ. ಎರಡೂ ಮಳೆಗಾಲದಲ್ಲಿ ಚೌತಿ ಹೊತ್ತಿಗೆ ಹೂ ಬಿಡ್ತವೆ, ಹಂಗಾಗಿ ಎರಡಕ್ಕೂ ಗೌರಿ ಹೆಸ್ರು ಅಂಟಿಕೊಂಡಿರ್ಬೇಕು. ಆದ್ರೆ ಒಂದು ಮಕ್ಕಳು ಬೀಜದ ಕಾಯಿ ಪಟ್ ಅನ್ಸಿ ಆಡೂ ಗಿಡ, ಇನ್ನೊಂದರ ಗಡ್ಡೆಲಿ ಕೋಲ್ಚಿಸಿನ್ ಅನ್ನೂ ವಿಷ ಇದೆ, ತಿಂದ್ರೆ ಜೀವಕ್ಕೇ ಕುತ್ತು. ಇಂಗ್ಲಿಷ್‌ನವ್ರದ್ದೂ ಇದೇ ಕಥೆ ಬಿಡಿ, ಅವ್ರ ಟಚ್ ಮಿ ನಾಟ್ ಅಂದ್ರೆ ಬಾಲ್ಸಮ್ಮೂ ಹೌದು, ನಮ್ಮ ಮುಟ್ಟಿದರೆ ಮುನಿಯೂ ಹೌದು. ಅದ್ಕೇ ಮೊದ್ಲು ಗಿಡ ಯಾವುದು ಅಂತ ಪಕ್ಕಾ ಆಗ್ಲಿ, ಆಮೇಲೆ ಹೆಸ್ರಿನ ಬೇಟೆ.

ಒಂದು ಗಿಡ ಹಿಡ್ಕಂಡೇ ಹೇಳ್ತೇನೆ, ಆಗ ಸಲೀಸು. ಶಿರಸಿ ಸಿದ್ದಾಪುರ ಕಡೆ ಸುಮಾರು ಮನೆ ಮುಂದೆ ಸೊಂಟದೆತ್ತರದ ಒಂದು ಪೊದೆ ಇರ್ತದೆ, ಬೇಸಿಗೆಲಿ ಮೈತುಂಬ ಹೂ, ವಿಚಿತ್ರ ಎಂತ ಅಂದ್ರೆ ಒಂದೇ ಗಿಡದಲ್ಲಿ ಕಡು ನೇರಳೆ, ತಿಳಿ ನೇರಳೆ, ಬಿಳಿ ಮೂರೂ ಬಣ್ಣ ಒಟ್ಟಿಗೆ. ನೋಡಿದವ್ರು ಕಸಿ ಮಾಡಿದ್ರಾ ಅಂತ ಕೇಳ್ತಾರೆ. ಮನೆಯವ್ರನ್ನ ಕೇಳಿದ್ರೆ "ಅದಾ? ಅದು ಹೂಗಿನ ಗಿಡ" ಅಂತ ಉತ್ತರ, ಮುಗೀತು. ಎಲ್ಲಿಂದ ಬಂತು ಅಂದ್ರೆ ಯಾರೋ ನೆಂಟರ ಮನೆಯಿಂದ ಟೊಂಗೆ ತಂದಿದ್ದು, ಆ ನೆಂಟರಿಗೂ ಹೆಸ್ರು ಗೊತ್ತಿಲ್ಲ.

ಇಂಥದ್ದಕ್ಕೆ ಮೊದಲ ಕೆಲ್ಸ, ಗಿಡದ ಎದ್ರು ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡೂದು. ನಾವು ಹೂ ಒಂದೇ ನೋಡ್ತೇವೆ, ಆ್ಯಪ್‌ಗೂ ಹೂ ಒಂದೇ ತೋರಿಸ್ತೇವೆ, ಅದು ಸಾಕಾಗೂದಿಲ್ಲ. ಎಲೆ ಕಾಂಡದ ಮೇಲೆ ಎದುರುಬದುರು ಜೋಡಿಯಾಗಿ ಬಂದಿದ್ಯಾ ಒಂದಾದ ಮೇಲೊಂದು ಬಂದಿದ್ಯಾ, ಎಲೆ ಹಿಂಬದಿ ಎಂತ ಬಣ್ಣ, ಅಂಚಲ್ಲಿ ಗರಗಸ ಇದ್ಯಾ, ತೊಟ್ಟು ಮುರಿದ್ರೆ ಹಾಲು ಬರ್ತದಾ ಬರೀ ನೀರಾ (ಹಾಲು ಬಂದ್ರೆ ಕಣ್ಣಿಗೆ ಕೈ ಹಾಕ್ಬೇಡಿ, ತೊಳ್ಕಳ್ಳಿ), ಕಾಯಿ ಬಿಡ್ತದಾ. ಇಷ್ಟಕ್ಕೂ ಒಂದೊಂದು ಫೋಟೋ. ಒಂದು ಹೂವನ್ನ ಅಂಗೈ ಮೇಲೆ ಇಟ್ಟು ತೆಗೀರಿ, ಅಳತೆ ಗೊತ್ತಾಗ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಹೂ ಫೋಟೋದಲ್ಲಿ ಬರೀ ಬಿಳಿ ಕಲೆ ಆಗ್ತದೆ, ಬೆಳಿಗ್ಗೆ ಎಂಟರೊಳಗೆ ತೆಗ್ದ್ರೆ ನರ ಎಲ್ಲ ಕಾಣ್ತದೆ. ಇನ್ನೊಂದು, ಟೈಮ್ ಬರ್ದಿಟ್ಕಳ್ಳಿ, ಯಾವ ಹೊತ್ತಿಗೆ ಅರಳ್ತದೆ ಯಾವ ಹೊತ್ತಿಗೆ ಬಾಡ್ತದೆ ಅಂತ. ಊರ ಹೆಸ್ರಿನ ಅರ್ಧ ಗುಟ್ಟು ಟೈಮಲ್ಲೇ ಇರ್ತದೆ, ಸಂಜೆ ಮಲ್ಲಿಗೆ ನಾಲ್ಕು ಗಂಟೆ ಸುಮಾರಿಗೆ ಬಿಡಿಸ್ಕಳ್ತದೆ, ಹತ್ತು ಗಂಟೆ ಹೂ ಬಿಸಿಲು ಏರಿದ ಮೇಲೆ.

ನಮ್ಮ ನೇರಳೆ ಬಿಳಿ ಗಿಡಕ್ಕೆ ಇದನ್ನೇ ಮಾಡಿ ನೋಡಿ. ಒಂದು ಮೊಗ್ಗಿನ ತೊಟ್ಟಿಗೆ ದಾರ ಕಟ್ಟಿ ಬಿಡಿ. ಅರಳಿದ ದಿನ ಕಡು ನೇರಳೆ, ನಡುವಲ್ಲಿ ಸಣ್ಣ ಬಿಳಿ ಕಣ್ಣು. ಮರುದಿನ ಅದೇ ಹೂ ತಿಳಿ ನೇರಳೆ. ಅದರ ಮರುದಿನ ಬೆಳ್ಳಗೆ. ಅಂದ್ರೆ ಮೂರು ಬಣ್ಣದ ಹೂವಲ್ಲ, ಒಂದೇ ಹೂವಿನ ಮೂರು ವಯಸ್ಸು. ಈ ದಾರ ಕಟ್ಟಿ ನೋಡಿದ್ದು ಯಾವ ಆ್ಯಪ್ ಹೇಳೂದಕ್ಕಿಂತ ಗಟ್ಟಿ ಸಾಕ್ಷಿ.

ಇನ್ನು ಆ್ಯಪ್. ಗೂಗಲ್ ಲೆನ್ಸ್ ಎಲ್ಲರ ಫೋನಲ್ಲೂ ಇದೆ, ಬೇಗ ಹೇಳ್ತದೆ, ಆದ್ರೆ ಅಂಗಡಿ ಜಾಹೀರಾತು ಜಾಸ್ತಿ ತೋರಿಸ್ತದೆ. ಪ್ಲಾಂಟ್‌ನೆಟ್‌ನಲ್ಲಿ ಹೂ, ಎಲೆ, ಕಾಂಡ ಬೇರೆ ಬೇರೆ ಹಾಕೂಕೆ ಬರ್ತದೆ, ನಂಗೆ ಅದೇ ಇಷ್ಟ. ಐನ್ಯಾಚುರಲಿಸ್ಟ್‌ನಲ್ಲಿ ನಿಜವಾದ ಮನುಷ್ಯರು ನೋಡಿ ಹೇಳ್ತಾರೆ, ತಡ ಆಗ್ಬಹುದು, ಅಲ್ಲಿ ಹಾಕೂವಾಗ ನೆಟ್ಟು ಬೆಳೆಸಿದ ಗಿಡ ಅಂತ ಗುರುತು ಹಾಕೂದು ಮರೀಬೇಡಿ, ಇಲ್ದಿದ್ರೆ ನಿಮ್ಮ ಅಂಗಳದ ಬ್ರೆಜಿಲ್ ಗಿಡ ಸಹ್ಯಾದ್ರಿ ಕಾಡಿನ ಲೆಕ್ಕಕ್ಕೆ ಹೋಗ್ತದೆ. ಎರಡು ಆ್ಯಪ್ ಒಂದೇ ಹೆಸ್ರು ಹೇಳಿದ್ರೆ ಅರ್ಧ ನಂಬಿ, ಆ ಹೆಸ್ರಿನ ಎಲೆ ಫೋಟೋ ತೆಗ್ದು ನಿಮ್ಮ ಗಿಡದ ಎಲೆ ಪಕ್ಕ ಹಿಡ್ದು ನೋಡಿ ಸರಿ ಬಂದ್ರೆ ಆಮೇಲೆ ಪೂರ್ತಿ ನಂಬಿ. ಆದ್ರೂ ಬಗೆಹರೀಲಿಲ್ಲ ಅಂದ್ರೆ ಹೂ ಸಮೇತ ಒಂದು ಟೊಂಗೆ ಹಳೇ ಪೇಪರ್ ನಡುವೆ ಒತ್ತಿ ಒಣಗಿಸಿ ಇಟ್ಕಳ್ಳಿ, ಶಿರಸಿಲಿ ಅರಣ್ಯ ಕಾಲೇಜೇ ಇದೆ, ಗಿಡ ಓದಿದವ್ರು ಯಾರಾದ್ರೂ ಪರಿಚಯ ಇದ್ರೆ ತೋರಿಸ್ಬಹುದು.

ನೇರಳೆ ಬಿಳಿ ಗಿಡಕ್ಕೆ ಬರೂ ಉತ್ತರ ಬ್ರುನ್‌ಫೆಲ್ಸಿಯಾ. ದಕ್ಷಿಣ ಅಮೆರಿಕದ್ದು, ಬದನೆ ಟೊಮೆಟೊ ರಾತ್ರಿರಾಣಿ ಇದ್ರದ್ದೇ ಕುಟುಂಬ, ಹೆಸ್ರು ಬಂದಿದ್ದು ಓಟ್ಟೋ ಬ್ರುನ್‌ಫೆಲ್ಸ್ ಅಂತ 16ನೇ ಶತಮಾನದ ಜರ್ಮನ್ ಗಿಡಮೂಲಿಕೆ ಪಂಡಿತನಿಂದ. ಇಂಗ್ಲಿಷ್‌ನಲ್ಲಿ ಇದ್ಕೆ ಹೇಳೂದು ಯೆಸ್ಟರ್ಡೇ ಟುಡೇ ಅಂಡ್ ಟುಮಾರೋ. ನಿನ್ನೆ, ಇವತ್ತು, ನಾಳೆ! ದಾರ ಕಟ್ಟಿ ನೋಡಿದವ್ರಿಗೆ ಈ ಹೆಸ್ರು ಕೇಳಿದ ಕೂಡ್ಲೇ ರೋಮಾಂಚನ ಆಗ್ತದೆ, ಗಿಡ ನೋಡದವ್ರಿಗೆ ಎಂತಾ ಅನ್ಸೂದಿಲ್ಲ. ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅಂತಲೂ ಕರೀತಾರೆ. ಕಿಸ್ ಮಿ ಕ್ವಿಕ್ ಅಂತ ಒಂದಿದೆ, ಅದನ್ನ ಆಯಿ ಎದ್ರು ಹೇಳೂಕಾಗೂದಿಲ್ಲ, ಬಿಡಿ. ನಾಯಿ ಸಾಕಿದವ್ರು ಇದೊಂದು ನೆನಪಿಟ್ಕಳ್ಳಿ, ಈ ಗಿಡದ ಕಾಯಿ ಎಲೆ ನಾಯಿಗೆ ವಿಷ.

ಈಗ ಊರ ಹೆಸ್ರು. ಇಲ್ಲಿ ಜನ ಮಾಡೂದು ಎಂತ ಅಂದ್ರೆ ಲ್ಯಾಟಿನ್ ಹೆಸ್ರಿನ ಮುಂದೆ "ಕನ್ನಡ ಹೆಸರು" ಅಂತ ಹಾಕಿ ಸರ್ಚ್ ಕೊಟ್ಟು, ಮೊದಲು ಬಂದದ್ದನ್ನ ತಗೊಳ್ಳೂದು. ಒಂದು ಕಡೆ ಬರ್ದದ್ದು ಹತ್ತು ಕಡೆ ಕಾಪಿ ಆಗಿರ್ತದೆ, ಹತ್ತು ಕಡೆ ಇದೆ ಅಂದ್ರೆ ಹತ್ತು ಸಾಕ್ಷಿ ಅಲ್ಲ ಅದು. ಉಲ್ಟಾ ಸರ್ಚ್ ಮಾಡಿ, ಸಿಕ್ಕ ಕನ್ನಡ ಹೆಸ್ರನ್ನೇ ಹಾಕಿ ಫೋಟೋ ನೋಡಿ, ನಿಮ್ಮ ಗಿಡವೇ ಬರ್ತದಾ ಬೇರೆ ಎಂತಾದ್ರೂ ಬರ್ತದಾ ಅಂತ. ಫ್ಲವರ್ಸ್ ಆಫ್ ಇಂಡಿಯಾ ವೆಬ್‌ಸೈಟ್‌ನಲ್ಲಿ ಒಂದೊಂದು ಗಿಡಕ್ಕೂ ಬೇರೆ ಬೇರೆ ಭಾಷೆ ಹೆಸ್ರು ಕೊಟ್ಟಿರ್ತಾರೆ. ಬೆಂಗಳೂರಿನ ಐಐಎಸ್‌ಸಿಯ ಹರ್ಬೇರಿಯಂನವ್ರು, ಅಂದ್ರೆ ಒಣಗಿಸಿದ ಗಿಡಗಳ ಸಂಗ್ರಹದವ್ರು, ಕರ್ನಾಟಕದ ಸಸ್ಯಗಳ ಮಾಹಿತಿ ಡಿಜಿಟಲ್ ಮಾಡಿ ಹಾಕಿದ್ದಾರೆ, ಅದೂ ಒಳ್ಳೇದು.

ನಮ್ಮ ಜಿಲ್ಲೆಯವ್ರಿಗೆ ಮಾತ್ರ ಒಂದು ಸ್ಪೆಷಲ್ ದಾರಿ ಇದೆ, ಸುಮಾರು ಜನ ಇದನ್ನ ಯೋಚ್ನೆ ಮಾಡೂದಿಲ್ಲ. ಮೊದ್ಲು ಮದ್ರಾಸಿಗೆ ಸೇರಿದ್ದ ಉತ್ತರ ಕನ್ನಡ 1862ರಿಂದ ಬಾಂಬೆ ಕಡೆ ಸೇರಿಕೊಂಡಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹಂಗಾಗಿ ನಮ್ಮ ಗಿಡಗಳ ಹಳೇ ದಾಖಲೆ ಮದ್ರಾಸಿನ ಪುಸ್ತಕದಲ್ಲಿ ಅಲ್ಲ, ಬಾಂಬೆ ಪುಸ್ತಕದಲ್ಲಿ ಇದೆ. ಥಿಯೋಡೋರ್ ಕುಕ್ ಬರ್ದ ಬಾಂಬೆ ಪ್ರೆಸಿಡೆನ್ಸಿಯ ಫ್ಲೋರಾ (ಅಂದ್ರೆ ಒಂದು ಪ್ರದೇಶದ ಗಿಡಗಳ ವಿವರ ಇರೂ ಪುಸ್ತಕ), 1901ರಿಂದ 1908ರೊಳಗೆ ಬಂದಿದ್ದು, ಆಮೇಲೆ ಟಾಲ್ಬಟ್ ಅನ್ನೂ ಅರಣ್ಯ ಅಧಿಕಾರಿಯ ಫಾರೆಸ್ಟ್ ಫ್ಲೋರಾ, 1909 ಮತ್ತೆ 1911. ಎರಡೂ ನೆಟ್‌ನಲ್ಲಿ ಪುಕ್ಕಟೆ ಸಿಗ್ತವೆ. ಕುಕ್ ಪುಸ್ತಕದಲ್ಲಿ ಗಿಡದ ವಿವರಣೆ ಜೊತೆ "ವರ್ನ್" ಅಂತ ಚಿಕ್ಕದಾಗಿ ಇರ್ತದೆ, ಅದರ ಮುಂದೆ ಇರೂದು ಜನ ಹೇಳೂ ಹೆಸ್ರು. ಇಂಗ್ಲಿಷ್ ಅಕ್ಷರದಲ್ಲಿ, ದೊರೆಗಳ ಕಿವಿಗೆ ಹೆಂಗೆ ಕೇಳಿಸಿತ್ತೋ ಹಂಗೆ ಬರ್ದಿರ್ತದೆ, ಕಣ್ಣಲ್ಲಿ ಓದಿದ್ರೆ ಎಂತಾ ಗೊತ್ತಾಗೂದಿಲ್ಲ, ಗಟ್ಟಿಯಾಗಿ ಎರಡು ಮೂರು ಸಲ ಓದಿ, ಮನೇಲಿ ಹಿರಿಯರಿದ್ರೆ ಅವ್ರಿಗೆ ಕೇಳೂ ಹಂಗೆ ಓದಿ, "ಓ ಅದಾ" ಅಂತ ಅವ್ರೇ ಹೇಳ್ತಾರೆ. ಕೊಂಕಣಿ ಹೆಸ್ರು ಬೇಕಾದವ್ರಿಗೆ ಇನ್ನೂ ಹಳೇದು ಇದೆ, ಡಚ್ಚರ ವಾನ್ ರೀಡ್ ಕೊಚ್ಚಿಯಲ್ಲಿ ಕೂತು ಮಾಡಿಸಿದ ಹೋರ್ಟಸ್ ಮಲಬಾರಿಕಸ್, 12 ಸಂಪುಟ, 1678ರಿಂದ 1693. ಅದಕ್ಕೆ ಸಹಾಯ ಮಾಡಿದವ್ರಲ್ಲಿ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅಂತ ಮೂವರು ಕೊಂಕಣಿಗರು ಇದ್ರು, ಚಿತ್ರಗಳ ಮೇಲೆ ನಾಗರಿ ಅಕ್ಷರದಲ್ಲೂ ಹೆಸ್ರು ಕೆತ್ತಿದ್ದಾರೆ. ಕಾರವಾರದಲ್ಲಿ ಕೊಂಕಣಿ ಮಾತಾಡೂ ಮನೆಯವ್ರು ಒಮ್ಮೆ ಆ ಚಿತ್ರ ನೋಡ್ಬೇಕು.

ಆದ್ರೂ ಪುಸ್ತಕಕ್ಕಿಂತ ಮೊದ್ಲು ಜನರನ್ನ ಕೇಳಿ. ಕೇಳೂದ್ರಲ್ಲೂ ಒಂದು ಕ್ರಮ ಇದೆ. "ಇದ್ರ ಹೆಸ್ರು ಎಂತ" ಅಂತ ಸೀದಾ ಕೇಳಿದ್ರೆ ಹಿರಿಯರು ಪರೀಕ್ಷೆಗೆ ಕೂತವ್ರ ಹಂಗೆ ಆಗಿ "ಗೊತ್ತಿಲ್ಲ" ಅಂತಾರೆ. ಅದರ ಬದ್ಲು ಇದನ್ನ ಯಾವ ದೇವರಿಗೆ ಹಾಕ್ತಿದ್ರಿ, ಮಾಲೆಗೆ ಸೇರಿಸ್ತಿದ್ರಾ, ತಂಬುಳಿ ಮಾಡ್ತಿದ್ರಾ, ಮಕ್ಕಳು ಇದ್ರಲ್ಲಿ ಎಂತ ಆಡ್ತಿದ್ರು ಅಂತ ಕೇಳಿ, ಮಾತು ಶುರು ಆದ ಮೇಲೆ ಹೆಸ್ರು ತಾನಾಗೇ ಬಾಯಿಗೆ ಬರ್ತದೆ, ಕೆಲವು ಸಲ ಎರಡು ಮೂರು ಹೆಸ್ರು ಬಂದು ಅತ್ತೆ ಸೊಸೆ ನಡುವೆ ಜಗಳವೂ ಆಗ್ತದೆ, ಅದನ್ನ ನಿಲ್ಲಿಸ್ಬೇಡಿ, ಎಲ್ಲ ಬರ್ಕಳ್ಳಿ. ಫೋಟೋ ತೋರಿಸೂಕಿಂತ ಹೂವನ್ನೇ ಕೈಗೆ ಕೊಡಿ. ವಯಸ್ಸಾದವ್ರಿಗೆ ಸ್ಕ್ರೀನ್ ಮೇಲೆ ಹೂ ಕಾಣೂದಿಲ್ಲ, ಕೈಯಲ್ಲಿ ಉಜ್ಜಿ ಮೂಸಿದ್ರೆ ತಟ್ ಅಂತ ನೆನಪಾಗ್ತದೆ.

ಕೇಳೂಕೆ ಹೇಳಿಮಾಡಿಸಿದ ಹೊತ್ತು ಅಂದ್ರೆ ಚೌತಿ. ಗಣಪತಿ ಮೇಲೆ ಫಲಾವಳಿ ಕಟ್ಟೂ ಮನೇಲಿ, ಕಾರವಾರ ಕಡೆ ಮಾಟೋಳಿ ಅಂತಾರಲ್ಲ, ಕಾಡಿನ ಕಾಯಿ ಹೂ ಬಳ್ಳಿ ಎಲ್ಲ ಬಂದು ಬೀಳ್ತದೆ, ಒಂದೊಂದನ್ನೂ ಹೆಸ್ರು ಹೇಳಿ ಹೇಳಿ ಕಟ್ತಾರೆ. ಆ ದಿನ ಒಂದು ನೋಟ್‌ಬುಕ್ ಹಿಡ್ಕಂಡು ಪಕ್ಕದಲ್ಲಿ ಕೂತ್ರೆ ಸಾಕು, ವರ್ಷಕ್ಕಾಗುವಷ್ಟು ಸಿಗ್ತದೆ. ಹಬ್ಬದ ಹಿಂದಿನ ಸಂತೆನೂ ಅಷ್ಟೇ. ಕಾರವಾರದ ರವಿವಾರ ಸಂತೇಲಿ, ಅಂಕೋಲಾ ಕುಮಟಾ ರಸ್ತೆ ಬದಿಯಲ್ಲಿ ಹಾಲಕ್ಕಿ ಬುಡಕಟ್ಟಿನ ಹೆಂಗಸ್ರು ಸೊಪ್ಪು ಹೂ ಇಟ್ಕಂಡು ಕೂತಿರ್ತಾರೆ, ಅವ್ರಿಗೆ ಗೊತ್ತಿರೂ ಗಿಡ ಯಾವ ಆ್ಯಪ್‌ಗೂ ಗೊತ್ತಿಲ್ಲ. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ ಅವ್ರನ್ನ ನೆನಪು ಮಾಡ್ಕಳ್ಳಿ, ಶಾಲೆ ಮೆಟ್ಟಿಲು ಹತ್ತಿದವ್ರಲ್ಲ, ಅರಣ್ಯ ಇಲಾಖೆ ನರ್ಸರಿಲಿ ದುಡಿದು ಪದ್ಮಶ್ರೀ ತಗೊಂಡವ್ರು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡ್ರು, ಕಾಡಿನ ವಿಶ್ವಕೋಶ ಅಂತಲೇ ಕರೀತಿದ್ರು ಅವ್ರನ್ನ. ಆ ತಲೆಮಾರಿನವ್ರು ನಿಮ್ಮ ಊರಲ್ಲೂ ಒಬ್ರಾದ್ರೂ ಇರ್ತಾರೆ. ಬರೀ ಹೆಸ್ರು ಕೇಳಿ ಎದ್ದು ಬರ್ಬೇಡಿ ಮಾತ್ರ, ಒಂದು ಕಟ್ಟು ಸೊಪ್ಪಾದ್ರೂ ತಗೊಳ್ಳಿ, ಚೌಕಾಸಿ ಮಾಡ್ಬೇಡಿ.

ಒಂದೇ ಕಡೆ ಕೇಳಿ ಮುಗಿಸ್ಬೇಡಿ ಅಂತ ಯಾಕೆ ಹೇಳ್ತೇನೆ ಅಂದ್ರೆ ನಮ್ಮಲ್ಲಿ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದ್ರೆ ಮಾತೂ ಬದಲು, ಹೆಸ್ರೂ ಬದಲು. ಬಯಲುಸೀಮೆಯವ್ರ ಕನಕಾಂಬರ ಇಲ್ಲಿ ಅಬ್ಬಲಿಗೆ, ಕಾರವಾರಕ್ಕೆ ಹೋದ್ರೆ ಆಬೋಲಿ. ಚೆಂಡು ಹೂ ಇಲ್ಲಿ ಗೊಂಡೆ ಹೂ. ಸಂಜೆ ಮಲ್ಲಿಗೆಗೆ ಮರಾಠಿಲಿ ಗುಲಬಕ್ಷಿ, ಬಟ್ಟಲು ಹೂವಿಗೆ (ಕಾಶಿ ಕಣಗಿಲೆ) ಸದಾಫುಲಿ, ಕಾರವಾರ ಸದಾಶಿವಗಡ ಕಡೆ ಮರಾಠಿ ಸಂಬಂಧ ಇರೂ ಮನೇಲಿ ಈ ಹೆಸ್ರೂ ಓಡಾಡ್ತವೆ. ಶಂಖಪುಷ್ಪಕ್ಕೆ ಮರಾಠಿಲಿ ಗೋಕರ್ಣ ಅಂತಲೇ ಹೆಸ್ರು, ಗೋಕರ್ಣದವ್ರಿಗೆ ಹೇಳಿದ್ರೆ ನಂಬೂದಿಲ್ಲ. ಇವ್ಯಾವುದೂ ತಪ್ಪಲ್ಲ, ಎಲ್ಲಿ ಕೇಳಿದ್ದು ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರ್ದಿಟ್ರೆ ಆಯ್ತು.

ಹೆಸ್ರು ಸಿಕ್ಕಿದ ಮೇಲೆ ಒಂದು ಮಜಾ ಇದೆ, ಬಾಲ ನೋಡಿ. ಮಲ್ಲಿಗೆ, ಸಂಪಿಗೆ ಅಂತ ಕೊನೆಯಾದ್ರೆ ಅದು ಪರಿಮಳದ ನೆಂಟಸ್ತನ, ಗಿಡದ ನೆಂಟಸ್ತನ ಅಲ್ಲ. ಸಂಜೆ ಮಲ್ಲಿಗೆ, ಆಕಾಶ ಮಲ್ಲಿಗೆ ಎರಡಕ್ಕೂ ನಿಜವಾದ ಮಲ್ಲಿಗೆಗೂ ಸಂಬಂಧವೇ ಇಲ್ಲ, ನಾಗಸಂಪಿಗೆಗೂ ಕೆಂಡಸಂಪಿಗೆಗೂ ಇಲ್ಲ. ಕಣಗಿಲೆ ಅಂತ ಬಂದ್ರೆ ಮಾತ್ರ ಬೇರೆ ಲೆಕ್ಕ. ಕಣಗಿಲೆ, ದೇವಕಣಗಿಲೆ, ಕಾಶಿ ಕಣಗಿಲೆ, ಈ ಮೂರೂ ಸಸ್ಯಶಾಸ್ತ್ರದ ಪ್ರಕಾರವೂ ಒಂದೇ ಕುಟುಂಬ, ಅಪೋಸೈನೇಸಿ. ಲಿನೇಯಸ್ 1753ರಲ್ಲಿ ಎರಡು ಪದದ ಹೆಸ್ರಿನ ಪದ್ಧತಿ ತಂದು ಗಿಡಗಳನ್ನೆಲ್ಲ ಜೋಡಿಸಿದ್ದನ್ನ ನಾವು ಶಾಲೇಲಿ ಉರು ಹೊಡ್ದಿದ್ದೇವೆ, ಇಲ್ಲಿ ಹೂ ಕೊಯ್ಯೂ ಹೆಂಗಸ್ರು ಐದು ದಳ ತಿರುಚಿಕೊಂಡಿರೂದನ್ನ ನೋಡಿಯೇ ಒಂದೇ ಮನೆತನ ಅಂತ ಸೇರಿಸಿಟ್ಟಿದ್ದು ಇರ್ಬೇಕು. ಅದೇ ಕಾಶಿ ಕಣಗಿಲೆಗೆ ನಿತ್ಯಪುಷ್ಪ, ಸದಾಪುಷ್ಪ, ಬಟ್ಟಲು ಹೂ ಅಂತೆಲ್ಲ ಹೆಸ್ರು ಇದೆ, ಮಡಗಾಸ್ಕರ್‌ನಿಂದ ಬಂದ ಗಿಡ, ಕ್ಯಾನ್ಸರಿಗೆ ಕೊಡೂ ವಿನ್‌ಕ್ರಿಸ್ಟಿನ್ ಇದ್ರಿಂದಲೇ ತೆಗಿಯೂದು. ಮನೇಲಿ ಕಷಾಯ ಮಾಡೂಕೆ ಹೋಗ್ಬೇಡಿ ಮತ್ತೆ, ವಿಷ ಅದು.

ನರ್ಸರಿಯವ್ರು ಹೇಳೂ ಹೆಸ್ರನ್ನ ಮಾತ್ರ ಅರ್ಧ ಕಿವಿಲಿ ಕೇಳಿ. ವ್ಯಾಪಾರಕ್ಕೆ ಯಾವ ಹೆಸ್ರು ಓಡ್ತದೋ ಅದನ್ನ ಇಡ್ತಾರೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳಿ ಬೆಳಿಗ್ಗೆ ಬಾಡೂ ಬ್ರಹ್ಮಕಮಲ ಇದೆಯಲ್ಲ, ಕಾಯ್ತಾ ಕೂತು ಆರತಿ ಎತ್ತಿ ಸ್ಟೇಟಸ್ ಹಾಕೂದು, ಅದು ಎಪಿಫಿಲಮ್ ಅನ್ನೂ ಅಮೆರಿಕ ಖಂಡದ ಕಳ್ಳಿ ಜಾತಿ ಗಿಡ. ಹಿಮಾಲಯದ ಬ್ರಹ್ಮಕಮಲ ಬೇರೆಯೇ, ಸಾಸುರಿಯಾ, ಶಿರಸಿ ಹವೆಗೆ ಅದು ಬದುಕೂದಿಲ್ಲ. ಈಗ ಎಲ್ಲರ ಬಾಯಲ್ಲಿ ಆಗಿ ಹೋಗಿದೆ, ಜಗಳ ಮಾಡಿ ಫಲ ಇಲ್ಲ, ನಾನೂ ಬ್ರಹ್ಮಕಮಲ ಅಂತಲೇ ಹೇಳೂದು. ಆದ್ರೆ ತಿನ್ನೂ ಗಿಡದಲ್ಲಿ ಈ ಸಡಿಲ ಬೇಡ. ಬ್ರಾಹ್ಮಿ ಅಂತ ಕೆಲವ್ರು ಕೊಡೂದು ಒಂದೆಲಗ, ದುಂಡಗೆ ಒಂದೊಂದೇ ಎಲೆ, ತಂಬುಳಿಗೆ ಹಾಕೂದು. ಕೆಲವ್ರು ಕೊಡೂದು ನೀರು ಬ್ರಾಹ್ಮಿ, ದಪ್ಪ ಸಣ್ಣ ಎಲೆ ಜೋಡಿ ಜೋಡಿ, ಬಕೋಪಾ. ಎರಡೂ ಔಷಧಿಗೆ ಬರ್ತವೆ, ಆದ್ರೆ ಎರಡೂ ಒಂದಲ್ಲ, ಯಾರಾದ್ರೂ ಮದ್ದು ಹೇಳಿದ್ರೆ ಯಾವ ಬ್ರಾಹ್ಮಿ ಅಂತ ಕೇಳ್ಕಳ್ಳಿ. ಸಂಜೆ ಮಲ್ಲಿಗೆ ಬೀಜ ಒಣಗಿದ್ರೆ ಥೇಟ್ ಮೆಣಸಿನ ಕಾಳು, ಶಿರಸಿಲಿ ಮೆಣಸು ಒಣಗಿಸೂ ಅಂಗಳದ ಅಂಚಲ್ಲೇ ಈ ಗಿಡ ಇರ್ತದೆ, ಬೀಜ ವಿಷ, ಮಕ್ಕಳಿದ್ದ ಮನೇಲಿ ಜಾಗ್ರತೆ.

ಎಷ್ಟು ಹುಡ್ಕಿದ್ರೂ ಊರ ಹೆಸ್ರು ಸಿಗದ ಗಿಡ ಇದ್ದೇ ಇರ್ತವೆ, ಬ್ರುನ್‌ಫೆಲ್ಸಿಯಾ ಅಂಥದ್ದೇ, ಹೊರಗಿಂದ ಬಂದು ಜಾಸ್ತಿ ಕಾಲ ಆಗದ ಗಿಡಕ್ಕೆ ಹಳೇ ಹೆಸ್ರು ಎಲ್ಲಿಂದ ಬರ್ಬೇಕು. ಆಗ ಸಂಸ್ಕೃತದಲ್ಲಿ ದೊಡ್ಡದೊಂದು ಹೆಸ್ರು ಹೊಸೆದು ಇದೇ ಮೂಲ ಹೆಸ್ರು ಅಂತ ಬರ್ದು ಹಂಚ್ಬೇಡಿ, ಈಗ ಅದೊಂದು ಚಾಳಿ ಆಗಿದೆ. ನಿನ್ನೆ ಇವತ್ತು ನಾಳೆ ಅಂತಲೇ ಮನೇಲಿ ಕರೀರಿ, ಮಕ್ಕಳು ಬೇಗ ಹಿಡ್ಕಳ್ತಾರೆ, ಟೊಂಗೆ ಕೊಡೂವಾಗ ಹೆಸ್ರೂ ಕೊಡಿ.

ಸಿಕ್ಕಿದ ಹೆಸ್ರನ್ನ ಗಿಡದ ಬುಡದಲ್ಲೇ ಬರ್ದಿಡಿ. ಮಾರ್ಕರ್ ಪೆನ್ ನಮ್ಮ ಆಷಾಢದ ಮಳೆಗೆ ನಿಲ್ಲೂದಿಲ್ಲ, ಲ್ಯಾಮಿನೇಟ್ ಮಾಡಿದ್ರೆ ಒಳಗೆ ನೀರು ಹೋಗಿ ಬೂಸ್ಟು ಬರ್ತದೆ. ಖಾಲಿ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನ ಕತ್ತರಿಲಿ ಪಟ್ಟಿ ಪಟ್ಟಿ ಮಾಡಿ, ಅಂಚು ಮಡಚಿ, ಹಳೇ ಪೇಪರ್ ಕಟ್ಟಿನ ಮೇಲೆ ಇಟ್ಟು ಶಾಯಿ ಮುಗಿದ ಬಾಲ್‌ಪೆನ್ನಲ್ಲಿ ಒತ್ತಿ ಬರೀರಿ, ಅಕ್ಷರ ತಗಡಲ್ಲೇ ಮೂಡ್ತದೆ. ಮೇಲೆ ಊರ ಹೆಸ್ರು, ಕೆಳಗೆ ಲ್ಯಾಟಿನ್, ಹಿಂದೆ ಟೊಂಗೆ ಕೊಟ್ಟ ಮನೆ. ತಂತಿಯನ್ನ ಕಾಂಡಕ್ಕೆ ಬಿಗಿಯಾಗಿ ಸುತ್ತಬೇಡಿ, ಗಿಡ ದಪ್ಪ ಆದ ಹಂಗೆ ಕೊರೀತದೆ, ಪಕ್ಕದಲ್ಲಿ ಒಂದು ಗೂಟ ಹುಗಿದು ಅದಕ್ಕೆ ಕಟ್ಟಿ.